ಆಷಾಢದ ನೀಲಿ

“ಗುರುಗಳೇ, ಅರ್ಧ ವರ್ಷದ ಪಾಠವನ್ನು ರಜೆಯ ಕೆಲವೇ ವಾರಗಳಲ್ಲಿ ಮುಗಿಸಿದರೆ, ಅದು ಪಾಠವಾಗಿ ಉಳಿಯುತ್ತದೆಯೇ?”

ಕೇಳಿದವನು ಪಂಪಾಪತಿ. ವಿಶ್ವವಿದ್ಯಾಲಯವೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದ. ಹಿಂದೆ ಗುರುಗಳ ಬಳಿ ಓದಿದವನು. ಏನಾದರೂ ತೊಡಕು ಬಂದರೆ ಈಗಲೂ ಅವರ ಜಗಲಿಗೆ ಬಂದು ಕೂರುತ್ತಿದ್ದ.

ಗುರುಗಳು ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. ಅವನೇ ಮುಂದುವರಿಸಿದ.

“ಎರಡು ಸೆಮಿಸ್ಟರುಗಳ ನಡುವೆ ರಜೆ ಬರುತ್ತದಲ್ಲ, ಆಗ ಒಂದು ಪೂರ್ತಿ ವಿಷಯವನ್ನು ಕಲಿಸಬೇಕೆಂದು ನನಗೆ ಒಪ್ಪಿಸಿದ್ದಾರೆ. ಹಿಂದೆ ಬಿದ್ದ ಮಕ್ಕಳಿಗೆ ಅದು ಬೇಕೇ ಬೇಕು. ಇಲ್ಲದಿದ್ದರೆ ಅವರ ಒಂದು ವರ್ಷ ಹಾಳಾಗುತ್ತದೆ. ಬೇಡ ಎನ್ನಲು ನನಗೆ ಮನಸ್ಸಾಗಲಿಲ್ಲ. ವೇಳಾಪಟ್ಟಿ ಮಾಡಿದೆ. ಬೆಳಗ್ಗೆಯಿಂದ ಸಂಜೆಯವರೆಗೆ ತರಗತಿಗಳು. ಒಂದು ಗಂಟೆಯೂ ಕಡಿಮೆಯಿಲ್ಲ, ಒಂದು ಅಧ್ಯಾಯವೂ ಬಿಟ್ಟಿಲ್ಲ. ಮುಗಿಸಿ ಎದ್ದಾಗ ನನಗೆ ಹೆಮ್ಮೆಯೇ ಆಗಿತ್ತು. ಆಮೇಲೆ ಊರಿಗೆ ಹೊರಟೆ, ಬಸ್ಸು ತಡವಾಯಿತು. ನಿಲ್ದಾಣದಲ್ಲಿ ಸುಮ್ಮನೆ ನಿಂತಿದ್ದಾಗ ಈ ಅನುಮಾನ ಬಂತು. ಬಂದದ್ದು ಹೋಗಲೇ ಇಲ್ಲ.”

ಅವನು ಚೀಲದಿಂದ ವೇಳಾಪಟ್ಟಿಯನ್ನು ತೆಗೆದು ಮುಂದೆ ಚಾಚಿದ. ಗುರುಗಳು ಅದನ್ನು ಮುಟ್ಟಲಿಲ್ಲ.

“ಅದು ಅಲ್ಲೇ ಇರಲಿ,” ಎಂದರು. “ಮೊದಲು ಒಬ್ಬ ಬಣ್ಣಗಾರನ ಕತೆ ಕೇಳು.”

*

ಮಗ್ಗಗಳ ಸೀಮೆಯಲ್ಲಿ ಒಬ್ಬ ಬಣ್ಣಗಾರನಿದ್ದ. ನೂಲಿಗೆ ನೀಲಿ ಹಾಕುವುದು ಅವನ ಕಸುಬು. ಅವನ ನೀಲಿ ಸೀರೆ ಹರಿದರೂ ಹೋಗುವುದಿಲ್ಲ ಎಂದು ಜನ ಹೇಳುತ್ತಿದ್ದರು. ಅಜ್ಜಿಯ ಸೀರೆ ಮೊಮ್ಮಗಳಿಗೆ ಕುಬುಸವಾಗಿ, ಮರಿಮಗನಿಗೆ ಕುಲಾಯಿಯಾಗಿ, ಕೊನೆಗೆ ದೀಪದ ಬತ್ತಿಯಾದರೂ ಅದು ನೀಲಿ ಬತ್ತಿಯೇ ಎಂದು ನಗೆಯಾಡುತ್ತಿದ್ದರು.

ನೀಲಿ ಹಾಕುವುದು ಹೇಗೆಂದು ನಿನಗೆ ಗೊತ್ತಿರಲಿಕ್ಕಿಲ್ಲ. ದೊಡ್ಡ ಮಣ್ಣಿನ ಹರವಿಯಲ್ಲಿ ನೀಲಿಗಿಡದ ಬಣ್ಣವನ್ನು ಸುಣ್ಣ, ಬೆಲ್ಲ, ಬೇಯಿಸಿದ ತಗಚೆ ಬೀಜದ ಜೊತೆ ಕೊಳೆಹಾಕುತ್ತಾರೆ. ಅದಕ್ಕೆ ಹಳೆಯ ಹರವಿಯ ನೀರನ್ನು ಹಾಲಿಗೆ ಮಜ್ಜಿಗೆ ಹಾಕಿದ ಹಾಗೆ ಹೆಪ್ಪು ಹಾಕುತ್ತಾರೆ. ಹರವಿ ಹದಕ್ಕೆ ಬಂದ ಮೇಲೆ ನೂಲಿನ ಲಡಿಯನ್ನು ಅದ್ದುತ್ತಾರೆ. ಅದ್ದಿ, ಹಿಂಡಿ, ಹಗ್ಗಕ್ಕೆ ಹಾಕುತ್ತಾರೆ. ಮತ್ತೆ ಅದ್ದುತ್ತಾರೆ, ಮತ್ತೆ ಹಗ್ಗಕ್ಕೆ ಹಾಕುತ್ತಾರೆ. ನಾಲ್ಕಾರು ಸಲಕ್ಕೆ ತಿಳಿನೀಲಿ. ಕಡುನೀಲಿ ಬೇಕಾದರೆ ಅದ್ದುತ್ತಲೇ ಇರಬೇಕು, ಹಗ್ಗಕ್ಕೆ ಹಾಕುತ್ತಲೇ ಇರಬೇಕು. ಕೆಲಸದ ಹೊತ್ತಿಗಿಂತ ಕಾಯುವ ಹೊತ್ತೇ ಹೆಚ್ಚು.

ಅವನ ಬಳಿ ಕಲಿಯಲು ಬಂದವರು ಯುಗಾದಿಗೆ ಬಂದು ಮುಂದಿನ ಯುಗಾದಿಗೆ ಹೋಗುತ್ತಿದ್ದರು. ವರ್ಷವಿಡೀ ಅವನು ಪಾಠ ಹೇಳುತ್ತಿದ್ದ ಎಂದುಕೊಳ್ಳಬೇಡ. ಹೇಳುವುದೇನಿದೆ, ನಾಲ್ಕು ದಿನದಲ್ಲಿ ಹೇಳಿ ಮುಗಿಸಬಹುದು. ಉಳಿದ ದಿನಗಳಲ್ಲಿ ಅವರು ನೀರು ಹೊರುತ್ತಿದ್ದರು, ತಗಚೆ ಬೇಯಿಸುತ್ತಿದ್ದರು, ಹಗ್ಗದ ಕೆಳಗೆ ಕೂತು ಹರಟೆ ಹೊಡೆಯುತ್ತಿದ್ದರು. ಒಂದೆರಡು ಲಡಿ ಕೆಡಿಸುತ್ತಿದ್ದರು. ಮಳೆಗಾಲ ಬಂದಾಗ ಬಣ್ಣಗಾರ ಅಂಗಳದ ಹಗ್ಗ ಬಿಚ್ಚಿ ಪಡಸಾಲೆಯಲ್ಲಿ ಕಟ್ಟುತ್ತಿದ್ದ. ಮನೆ ತುಂಬ ಒದ್ದೆ ಲಡಿಗಳು ತೂಗುತ್ತಿದ್ದವು. ಊಟಕ್ಕೆ ಹೋಗುವವರು ತಲೆ ಬಗ್ಗಿಸಿ ಹೋಗಬೇಕು. ಇದು ಪಾಠವೆಂದು ಅವನಿಗೂ ಅನ್ನಿಸಿರಲಿಲ್ಲ, ಅವರಿಗೂ ಅನ್ನಿಸಿರಲಿಲ್ಲ.

ವರ್ಷ ತುಂಬಿದಾಗ ಒಂದು ಪರೀಕ್ಷೆಯಿತ್ತು. ಕಲಿತವನು ತಾನೇ ಬಣ್ಣ ಹಾಕಿದ ಲಡಿಯನ್ನು ಕೆಲವು ವಾರ ಹಾಗೇ ಇಟ್ಟು, ಆಮೇಲೆ ಎಲ್ಲರ ಎದುರಿಗೆ ಬಿಳಿಯ ಬೋಗುಣಿಯಲ್ಲಿ ತೊಳೆಯಬೇಕು. ನೀರು ತಿಳಿಯಾಗಿ ಉಳಿದರೆ ಬಣ್ಣಗಾರ ತನ್ನ ಹರವಿಯಿಂದ ಒಂದು ಗಡಿಗೆ ಹೆಪ್ಪು ಕೊಟ್ಟು ಕಳಿಸುತ್ತಿದ್ದ. ನೀರು ನೀಲಿಯಾದರೆ ಏನೂ ಅನ್ನುತ್ತಿರಲಿಲ್ಲ. ಕಲಿತವನು ತಾನೇ ಚಾಪೆ ಹಾಸಿಕೊಂಡು ಇನ್ನಷ್ಟು ದಿನ ಉಳಿಯುತ್ತಿದ್ದ.

ಹೀಗಿರಲು ಸುತ್ತಲಿನ ಊರುಗಳಲ್ಲಿ ಹಳೆಯ ಬಣ್ಣಗಾರರು ಒಬ್ಬೊಬ್ಬರಾಗಿ ತೀರಿಕೊಂಡರು. ಅವರ ಕಸುಬು ಹಿಡಿಯುವವರಿರಲಿಲ್ಲ. ಎಷ್ಟೋ ಊರುಗಳಲ್ಲಿ ನೇಕಾರರು ನೀಲಿ ನೂಲಿಲ್ಲದೆ ಬರೀ ಬಿಳಿ ನೇಯತೊಡಗಿದರು. ಬಿಳಿ ಸೀರೆಯನ್ನು ಯಾವ ಹೆಣ್ಣುಮಗಳು ಆಸೆಪಟ್ಟು ಉಡುತ್ತಾಳೆ? ಮಗ್ಗಗಳು ನಿಧಾನವಾಗಿ ನಿಲ್ಲತೊಡಗಿದವು.

ನೇಕಾರರ ಹಿರಿಯನೊಬ್ಬ ಬಣ್ಣಗಾರನ ಬಳಿ ಬಂದ. ವರ್ಷಗಟ್ಟಲೆ ಮನೆ ಬಿಟ್ಟು ಬರುವವರು ಈಗ ಯಾರೂ ಇಲ್ಲ ಎಂದು ಹೇಳಿದ. ಆಷಾಢ ಮಾಸದಲ್ಲಿ ಮದುವೆಯಿಲ್ಲ, ಬಟ್ಟೆ ಕೊಳ್ಳುವವರಿಲ್ಲ, ಮಗ್ಗಗಳಿಗೆ ಬಿಡುವು. ಆ ಒಂದು ತಿಂಗಳಲ್ಲಿ ಕಲಿಸಿಕೊಡು, ಊರಿಗೊಬ್ಬರನ್ನು ಕಳಿಸುತ್ತೇವೆ ಎಂದು ಕೇಳಿದ.

ಬಣ್ಣಗಾರ ಮೊದಲು ಆಗದು ಎಂದ. ಹಿರಿಯ ಹೋದ ಮೇಲೆ ಅವನ ಮನಸ್ಸು ತಡೆಯಲಿಲ್ಲ. ಆ ಹಿರಿಯ ಹೇಳಿದ್ದರಲ್ಲಿ ಸುಳ್ಳೇನಿತ್ತು? ನಾನು ಹಟ ಹಿಡಿದರೆ ನನ್ನ ಹಟ ಉಳಿಯುತ್ತದೆ, ಮಗ್ಗಗಳು ಉಳಿಯುವುದಿಲ್ಲ ಎಂದುಕೊಂಡ. ಹೇಳಿ ಕಳಿಸಿ ಒಪ್ಪಿಕೊಂಡ. ಒಪ್ಪಿಕೊಂಡದ್ದು ತಪ್ಪೆಂದು ನಾನು ಹೇಳುವುದಿಲ್ಲ. ಬಾಯಾರಿದವನು ಬಾಗಿಲಿಗೆ ಬಂದಾಗ ಬಾವಿ ತೋಡಿದ ಮೇಲೆ ಬಾ ಎನ್ನಲಾಗುತ್ತದೆಯೇ?

ಅವನ ಹೆಂಡತಿಯೂ ಅದೇ ಕಸುಬಿನವಳು. ಹರವಿ ಹದಕ್ಕೆ ಬಂತೋ ಇಲ್ಲವೋ ಎಂದು ಮೂಸಿ ಹೇಳುವವಳು ಅವಳೇ. ಊಟಕ್ಕೆ ಕೂತಾಗ ಅವಳು ಕೇಳಿದಳು.

“ಅಲ್ರೀ, ಒಂದು ತಿಂಗಳದಾಗ ಕಡುನೀಲಿತನಕ ಹೆಂಗ ಒಯ್ತೀರಿ? ತಿಳಿನೀಲಿ ಒಂದ ಕಲಿಸ್ರಿ. ಅವರ ಕೈಲೆ ಅವರ ಅದ್ದಲಿ, ಅವರ ಹಗ್ಗಕ್ಕ ಹಾಕಲಿ, ಅವರ ಕಾಯ್ಲಿ. ಉಳಿದದ್ದು ಮುಂದಿನ ಆಷಾಢಕ್ಕ.”

“ಬಣ್ಣಗಾರ ಅರ್ಧಾ ಕಲಿಸಿ ಕಳಿಸ್ಯಾನ ಅಂತ ಊರು ನಗಬೇಕೇನು? ನನ್ನ ಕಡೆ ಬಂದವರು ಯಾರೂ ಇವತ್ತಿನತನಕ ಅರ್ಧಾ ಕಲಿತು ಹೋಗಿಲ್ಲ. ಇವರಿಗೂ ಒಂದು ಮಾತು ಬಿಡದಂಗ ಹೇಳತೀನಿ.”

“ಬೇಯೂತನಕ ತಡದವರು ಆರೂತನಕ ತಡೀಬೇಕ್ರಿ.”

“ಅಡಿಗಿ ಮಾತು ಅಡಿಗಿಮನ್ಯಾಗ ಇರಲಿ,” ಎಂದು ಅವನು ಕೈ ತೊಳೆದ.

ಅವಳು ಮತ್ತೆ ಆ ಮಾತೆತ್ತಲಿಲ್ಲ. ಗಂಡನ ಹಟ ಅವಳಿಗೆ ಗೊತ್ತು. ಹಾಳಾದದ್ದು, ಆ ಹಟ ಕೆಟ್ಟ ಹಟವೂ ಆಗಿರಲಿಲ್ಲ. ಕೊಡುವುದರಲ್ಲಿ ಕಡಿಮೆ ಮಾಡಬಾರದೆಂಬ ಹಟ ಅದು. ಎಲ್ಲ ಮೇಷ್ಟರಿಗೂ ಇರುತ್ತದೆ. ನಮಗೆ ಅದು ಪ್ರಾಮಾಣಿಕತೆಯ ಹಾಗೆ ಕಾಣುತ್ತದೆ.

ಆಷಾಢ ಬಂತು. ಊರೂರುಗಳಿಂದ ಕಲಿಯುವವರು ಬಂದರು. ಅವರಲ್ಲಿ ಒಬ್ಬಳು ನೇಕಾರರ ಮನೆಯ ಹೊಸ ಸೊಸೆ. ಆಷಾಢದಲ್ಲಿ ಹೊಸ ಸೊಸೆ ಅತ್ತೆಯ ಮನೆಯಲ್ಲಿರಬಾರದು, ತವರಿಗೆ ಹೋಗಬೇಕೆಂಬುದು ವಾಡಿಕೆ. ಇವಳಿಗೆ ಅಪ್ಪ ಅಮ್ಮ ಇರಲಿಲ್ಲ. ಹೋಗಲು ತವರಿಲ್ಲದವಳನ್ನು ಏನು ಮಾಡುವುದೆಂದು ಅತ್ತೆ ಯೋಚಿಸುತ್ತಿರುವಾಗ ಈ ಸುದ್ದಿ ಬಂತು. ಹೋಗಿ ನೀಲಿಯನ್ನಾದರೂ ಕಲಿತು ಬಾ ಎಂದು ಕಳಿಸಿದರು. ಆ ಊರಿಗೆ ಬಣ್ಣಗಾರನಿಲ್ಲದೆ ಎಷ್ಟೋ ವರ್ಷವಾಗಿತ್ತು. ಕಲಿತು ಹೋದರೆ ಊರಿಗೆ ನೀಲಿ ಬರುತ್ತದೆ, ಬರಿಗೈಯಲ್ಲಿ ಬಂದ ಸೊಸೆ ಎಂಬ ಮಾತು ಹೋಗುತ್ತದೆ. ಅವಳು ಅಷ್ಟು ಆಸೆ ಹೊತ್ತು ಬಂದಿದ್ದಳು.

ಬಂದ ಎರಡನೆಯ ದಿನಕ್ಕೇ ಅವಳು ಬಣ್ಣಗಾರನನ್ನು ಯಪ್ಪಾ ಎಂದಳು, ಅವನ ಹೆಂಡತಿಯನ್ನು ಯವ್ವಾ ಎಂದಳು. ಅವರಿಗೂ ಮಕ್ಕಳಿರಲಿಲ್ಲ. ಆ ಮನೆ ಅವಳಿಗೆ ಆಷಾಢದ ತವರಾಯಿತು.

ಬಣ್ಣಗಾರ ಕೊಟ್ಟ ಮಾತಿಗೆ ತಪ್ಪಲಿಲ್ಲ. ಒಂದು ಮಾತನ್ನೂ ಬಿಡಲಿಲ್ಲ. ಆದರೆ ಲಡಿ ಹಗ್ಗದ ಮೇಲಿರುವಷ್ಟು ಹೊತ್ತು ಎಲ್ಲರನ್ನೂ ಸುಮ್ಮನೆ ಕೂರಿಸಿದರೆ ತಿಂಗಳಲ್ಲಿ ಪಾಠ ಮುಗಿಯುವಂತಿರಲಿಲ್ಲ. ಅದಕ್ಕೆ ಅವನೊಂದು ಉಪಾಯ ಮಾಡಿದ. ಅವರು ಬರುವ ಮೊದಲೇ, ಒಂದು ಸಲ ಅದ್ದಿದ ಲಡಿ, ಎರಡು ಸಲ ಅದ್ದಿದ ಲಡಿ, ಹೀಗೆ ಕಡುನೀಲಿಯವರೆಗೆ ಎಲ್ಲವನ್ನೂ ತಾನೇ ಮಾಡಿ ಇಟ್ಟುಕೊಂಡ. ಅವರ ಎದುರಿಗೆ ಒಂದು ಲಡಿಯನ್ನು ಅದ್ದಿ, ಹಿಂಡಿ, ಹಗ್ಗಕ್ಕೆ ಹಾಕುವನು. ಗಾಳಿಗೆ ಹಾಕಬೇಕು, ಮರೆಯಬಾರದು ಎಂದು ಹೇಳುವನು. ಹೇಳಿದ ಕೂಡಲೇ ಮಾಡಿಟ್ಟ ಲಡಿಯನ್ನು ಎತ್ತಿ ತೋರಿಸುವನು. ಇದು ಗಾಳಿಗೆ ಹಾಕಿ ತೆಗೆದದ್ದು, ಈಗ ಎರಡನೆಯ ಸಲ ಅದ್ದೋಣ ಎನ್ನುವನು. ಬೆಳಗಿನಿಂದ ಸಂಜೆಯವರೆಗೆ ಪಾಠ ಓಡುತ್ತಿತ್ತು. ಹಗ್ಗದ ಕೆಳಗೆ ಕೂರುವವರು ಯಾರೂ ಇರಲಿಲ್ಲ. ಆ ಉಪಾಯ ತನಗೆ ಹಿಂದೆಯೇ ಯಾಕೆ ಹೊಳೆಯಲಿಲ್ಲ ಎಂದು ಬಣ್ಣಗಾರನಿಗೆ ಆಶ್ಚರ್ಯವಾಯಿತು.

ಹರವಿಯೂ ಆ ತಿಂಗಳು ಒಮ್ಮೆಯೂ ಕೆಡಲಿಲ್ಲ. ಕೆಡದ ಹಾಗೆ ಅವನೇ ನೋಡಿಕೊಂಡ. ಕೆಟ್ಟರೆ ಒಂದು ದಿನ ಹಾಳು. ಆಕಾಶದಲ್ಲಿ ಮೋಡಗಳು ಓಡುತ್ತಿದ್ದವು, ಹನಿ ಬೀಳಲಿಲ್ಲ. ಆಷಾಢದ ಗಾಳಿ ಅಂಗಳದ ಲಡಿಗಳನ್ನು ಎತ್ತಿ ಎತ್ತಿ ಆಡಿಸುತ್ತಿತ್ತು.

ಒಂದು ದಿನ ಎಲ್ಲರೂ ಮುಂದಿನ ಪಾಠಕ್ಕೆ ಹೋದ ಮೇಲೂ ಆ ಸೊಸೆ ಹಗ್ಗದ ಬಳಿ ನಿಂತೇ ಇದ್ದಳು. ಆಗಷ್ಟೇ ಹರವಿಯಿಂದ ತೆಗೆದ ಲಡಿಯನ್ನು ನೋಡುತ್ತಿದ್ದಳು. ಅದು ಹಸಿರಾಗಿತ್ತು. ಅಂಚಿನಲ್ಲಿ ಎಲ್ಲೋ ಒಂದೆಳೆ ನೀಲಿಯಾಗುತ್ತಿತ್ತು. ಅವಳು ಇನ್ನೂ ಹತ್ತಿರ ಬಗ್ಗಿದಳು.

“ಬಾರವ್ವಾ, ಪಾಠ ಮುಂದ ಹೊಂಟದ,” ಎಂದು ಬಣ್ಣಗಾರ ಕರೆದ.

ಅವಳು ಓಡಿ ಬಂದಳು. ಒಳ್ಳೆಯ ಹುಡುಗಿ, ಕರೆದರೆ ನಿಲ್ಲುವವಳಲ್ಲ.

ತಿಂಗಳ ಕೊನೆಗೆ ಪರೀಕ್ಷೆ ಬಂತು. ಲಡಿಯನ್ನು ವಾರಗಟ್ಟಲೆ ಇಟ್ಟು ತೊಳೆದು ನೋಡಲು ಸಮಯವೆಲ್ಲಿದೆ? ಬಣ್ಣಗಾರ ಎಲ್ಲರನ್ನೂ ಸಾಲಾಗಿ ಕೂರಿಸಿ ಬಾಯಲ್ಲಿ ಪ್ರಶ್ನೆ ಕೇಳಿದ. ಸುಣ್ಣ ಎಷ್ಟು, ಬೆಲ್ಲ ಎಷ್ಟು, ಕಡುನೀಲಿಗೆ ಎಷ್ಟು ಸಲ ಅದ್ದಬೇಕು, ಅದ್ದಿದ ಮೇಲೆ ಏನು ಮಾಡಬೇಕು. ಎಲ್ಲರೂ ಪಟಪಟನೆ ಹೇಳಿದರು. ಆ ಸೊಸೆ ಅವನ ಮಾತನ್ನು ಅವನದೇ ಧಾಟಿಯಲ್ಲಿ ಒಪ್ಪಿಸಿದಳು. ಬಣ್ಣಗಾರನ ಕಣ್ಣು ತುಂಬಿತು. ವರ್ಷವಿಡೀ ಇದ್ದವರೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ ಎಂದು ಹೆಂಡತಿಯ ಮುಂದೆ ಕೊಚ್ಚಿಕೊಂಡ. ಎಲ್ಲರಿಗೂ ಒಂದೊಂದು ಗಡಿಗೆ ಹೆಪ್ಪು ಕೊಟ್ಟ. ಆ ಹುಡುಗಿಗೆ ಅವನ ಹೆಂಡತಿ ತವರಿನವರು ಕೊಡುವ ಹಾಗೆ ಉಡಿ ತುಂಬಿ ಕಳಿಸಿದಳು.

ಶ್ರಾವಣದಲ್ಲಿ ಅವಳು ತನ್ನ ಊರಿನಲ್ಲಿ ಹರವಿ ಹೂಡಿದಳು. ಊರವರೆಲ್ಲ ಬಂದು ನೋಡಿ ಹೋದರು. ದಸರೆಯ ಸೀರೆಗೆಂದು ಪ್ರತಿ ಮನೆಯವರೂ ನೂಲು ತಂದು ಅವಳ ಪಡಸಾಲೆಯಲ್ಲಿ ಇಟ್ಟರು. ಇದ್ದ ನೂಲನ್ನೆಲ್ಲ ತಂದಿದ್ದರು, ಉಳಿಸಿಕೊಂಡಿರಲಿಲ್ಲ. ಅತ್ತೆ ಎಲ್ಲರ ಎದುರಿಗೆ ಇವಳು ನನ್ನ ಸೊಸೆ ಎಂದು ಹೇಳಿದಳು. ಗೊತ್ತಿರುವುದನ್ನು ಮತ್ತೆ ಯಾಕೆ ಹೇಳಿದಳು? ಹೇಳಬೇಕೆನ್ನಿಸಿತು, ಹೇಳಿದಳು.

ಅಷ್ಟರಲ್ಲಿ ಜಿಟಿಜಿಟಿ ಮಳೆ ಹಿಡಿಯಿತು. ಹುಡುಗಿ ಲಡಿಯನ್ನು ಅದ್ದಿ ತೆಗೆದಳು. ಅಂಗಳದ ಹಗ್ಗ ನೆನೆಯುತ್ತಿತ್ತು. ಅವಳು ನಿಂತು ಯೋಚಿಸಿದಳು. ಅದ್ದಿದ ಮೇಲೆ ಗಾಳಿಗೆ ಹಾಕಬೇಕು. ಯಾಕೆ ಹಾಕಬೇಕು? ನೂಲು ಆರಲೆಂದು ಇರಬೇಕು. ಈ ಮಳೆಯಲ್ಲಿ ಅದು ಆರುವುದಿಲ್ಲ. ಆರದ ಮೇಲೆ ಹೊರಗೆ ತೆಗೆದು ಪ್ರಯೋಜನವೇನು? ಅಷ್ಟು ಹೊತ್ತು ಹರವಿಯಲ್ಲೇ ಇದ್ದರೆ ಇನ್ನಷ್ಟು ಬಣ್ಣವಾದರೂ ಹೀರೀತು. ಹೀಗೆ ಯೋಚಿಸಿ ಅವಳು ಲಡಿಗಳನ್ನು ಹರವಿಯಲ್ಲೇ ಮುಳುಗಿಸಿಟ್ಟಳು. ಯೋಚನೆಯಲ್ಲಿ ದಡ್ಡತನವಿರಲಿಲ್ಲ. ಗೊತ್ತಿಲ್ಲದ ಜಾಗವೊಂದನ್ನು ಗೊತ್ತಿದ್ದ ಬುದ್ಧಿಯಿಂದ ತುಂಬಿಸಿಕೊಂಡಳು, ಅಷ್ಟೇ.

ಕೊನೆಗೊಮ್ಮೆ ಮಳೆ ಬಿಟ್ಟಾಗ ತೆಗೆದು ಒಣಗಿಸಿದರೆ ನೂಲು ಕಡುನೀಲಿಯಾಗಿತ್ತು. ಕಣ್ಣಿಗೆ ಬಣ್ಣಗಾರನ ನೀಲಿಗಿಂತ ಒಂದು ಕೈ ಮೇಲೆಯೇ. ಊರು ಹಿಗ್ಗಿತು. ಮಗ್ಗಗಳೆಲ್ಲ ಒಟ್ಟಿಗೆ ಎದ್ದವು. ದಸರೆಗೆ ಊರ ಹೆಣ್ಣುಮಕ್ಕಳು ನೀಲಿ ಸೀರೆ ಉಟ್ಟರು, ಉಳಿದವು ಸಂತೆಗೆ ಹೋದವು.

ಬನ್ನಿ ಕೊಡಲು ಹೊರಟ ಸಂಜೆ ಒಂದು ಅಡ್ಡಮಳೆ ಬಂತು. ಮನೆಗೆ ಬರುವಷ್ಟರಲ್ಲಿ ಹೆಂಗಸರ ಕುತ್ತಿಗೆ, ತೋಳು, ಕಾಲು ಎಲ್ಲ ನೀಲಿ. ಕಂಕುಳಲ್ಲಿದ್ದ ಕೂಸುಗಳೂ ನೀಲಿ. ಮೊದಲು ನಕ್ಕರು. ಒಗೆದ ಮೇಲೆ ನಗಲಿಲ್ಲ. ಸೀರೆಗಳು ಬೂದಿಯ ಬಣ್ಣಕ್ಕೆ ತಿರುಗಿದವು. ಸಂತೆಯಲ್ಲಿ ಕೊಂಡವರು ಹಿಂದಕ್ಕೆ ತಂದು ಎಸೆದರು. ಆ ಊರ ಸೀರೆ ಎಂದರೆ ಜನ ಬೆರಳಿಗೆ ಎಂಜಲು ಹಚ್ಚಿ ಉಜ್ಜಿ ನೋಡತೊಡಗಿದರು. ಬಿಳಿ ಸೀರೆ ತಂದರೂ ಉಜ್ಜಿ ನೋಡುತ್ತಿದ್ದರು.

ಆ ಹುಡುಗಿಯನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಅವಳು ಒಮ್ಮೆ ಅತ್ತು ಹಗುರಾಗುತ್ತಿದ್ದಳೋ ಏನೋ. ಅತ್ತೆ ತನ್ನ ಸೀರೆಯನ್ನು ಮಡಿಚಿ ಎತ್ತಿಟ್ಟಳು. ಮತ್ತೆ ಯಾರ ಎದುರಿಗೂ ಇವಳು ನನ್ನ ಸೊಸೆ ಎಂದು ಹೇಳಲಿಲ್ಲ.

ಮಳೆ ಹಿಡಿಯದ ಬೇರೆ ಊರುಗಳಲ್ಲಿ ಕಲಿತವರು ಅಂಗಳದ ಹಗ್ಗಕ್ಕೇ ಹಾಕಿ ಪಾರಾಗಿದ್ದರು. ಈ ಊರಿನ ಸುದ್ದಿ ಬಣ್ಣಗಾರನ ಊರಿಗೆ ಬಂತು. ಅವನು ನಂಬಲಿಲ್ಲ. ನಾನು ಎಲ್ಲ ಹೇಳಿದ್ದೇನೆ, ಒಂದು ಮಾತೂ ಬಿಟ್ಟಿಲ್ಲ ಎಂದು ಎದುರಿಗೆ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ. ಹೆಂಡತಿಗೂ ಹೇಳಿದ. ಅವಳು, ಹೋಗಿ ಹುಡುಗಿಯನ್ನು ನೋಡಿಕೊಂಡು ಬರ್ರಿ ಎಂದಳು. ಅವನು ಹೋದ.

ಅಂಗಳದಲ್ಲಿ ಹರವಿಯನ್ನು ಬೋರಲು ಹಾಕಿದ್ದರು. ಅದರ ಮೇಲೆ ಕೋಳಿಯೊಂದು ಕೂತಿತ್ತು. ಹುಡುಗಿ ಒಳಗಿನಿಂದ ಬಂದು ಅವನ ಕಾಲಿಗೆ ನೀರು ಕೊಟ್ಟಳು.

“ಯಪ್ಪಾ, ಅವ್ವ ಆರಾಮ ಅದಾಳಲ್ಲ?”

“ಅದಾಳವ್ವಾ.” ಬಣ್ಣಗಾರ ಕೂರಲಿಲ್ಲ. ಕೇಳಲು ಬಂದದ್ದನ್ನು ಕೇಳಿಯೇಬಿಟ್ಟ. “ಅದ್ದಿದ ಮ್ಯಾಲ ಗಾಳಿಗೆ ಹಾಕಬೇಕಂತ ನಾ ಮೊದಲನೇ ದಿನಾನ ಹೇಳಿದ್ನೆಲ್ಲವ್ವಾ?”

“ಹೇಳಿದ್ರಿ ಯಪ್ಪಾ. ಬೇಕಾದ್ರ ಈಗೂ ಹಂಗ ಹೇಳತೀನಿ. ಆದ್ರ ಇಲ್ಲಿ ಮಳಿ ಹಿಡಿದಿತ್ತು. ಮಳ್ಯಾಗ ನೂಲು ಹೆಂಗ ಆರತದ ಅಂತ ಹರವ್ಯಾಗ ಬಿಟ್ಟೆ. ಬಣ್ಣ ಬಂತು. ಬಂತಲ್ಲ ಅಂತ ನಾನೂ ಹಿಗ್ಗಿದೆ.”

“ಆರಲಿ ಅಂತ ಹಾಕೂದಲ್ಲವ್ವಾ ಅದು. ಹರವ್ಯಾಗಿಂದ ತೆಗೆದಾಗ ನೂಲು ಹಸರ ಇರತದ. ಗಾಳಿ ತಾಗಿದ ಮ್ಯಾಲ ನೀಲಿ ಆಗತದ. ಬಣ್ಣ ನೂಲಿಗೆ ಹಿಡಿಯೂದು ಹರವ್ಯಾಗಲ್ಲ, ಗಾಳ್ಯಾಗ. ಸಲಕ್ಕೊಮ್ಮಿ ಗಾಳಿ ಬೇಕು. ಬಿಸಲು ಬೇಕಂತಿಲ್ಲ. ಮಳಿಗಾಲದಾಗ ನಾವು ಪಡಸಾಲ್ಯಾಗ ಹಾಕತೀವಿ.”

ಹುಡುಗಿ ತಿರುಗಿ ಮನೆಯೊಳಗೆ ನೋಡಿದಳು. ಅವಳ ಪಡಸಾಲೆ ದೊಡ್ಡದು. ಈ ಗೋಡೆಯಿಂದ ಆ ಗೋಡೆಗೆ ಹಗ್ಗ ಕಟ್ಟಿದರೆ ಊರ ನೂಲೆಲ್ಲ ಹಿಡಿಯುತ್ತಿತ್ತು.

“ಪಡಸಾಲ್ಯಾಗ ಹಾಕಿದ್ರ ಆಗತಿತ್ತೇನು?” ಎಂದು ಕೇಳಿದಳು. ಆ ಗೋಡೆಗಳನ್ನೇ ನೋಡುತ್ತ, “ಅಷ್ಟ ಏನು?” ಎಂದಳು.

ಬಣ್ಣಗಾರ ಈಗ ಕೂತ.

“ಅವತ್ತ ಒಂದು ಮಾತು ಕೇಳಬಾರದಾಗಿತ್ತೇನವ್ವಾ?”

“ಏನು ಕೇಳಬೇಕಂತ ಗೊತ್ತಿದ್ರ ಕೇಳತಿದ್ನೆಲ್ಲ ಯಪ್ಪಾ. ಒಮ್ಮಿ ಹಗ್ಗದ ಕಡೆ ನಿಂತಾಗ ಏನೋ ಕೇಳಬೇಕು ಅನಿಸಿತ್ತು. ಏನಂತ ತಿಳಿಯೂದರಾಗ ನೀವು ಕರದ್ರಿ, ಬಂದೆ. ಆ ಮಾತು ಪೂರಾ ಹುಟ್ಟಿದ್ದು ಊರಿಗೆ ಬಂದ ಮ್ಯಾಲ. ಆಗ ಕೇಳಾಕ ನೀವಿರಲಿಲ್ಲ.”

ಅವಳ ದನಿಯಲ್ಲಿ ದೂರು ಇರಲಿಲ್ಲ. ಅದೇ ಅವನನ್ನು ಹೆಚ್ಚು ಸುಟ್ಟಿತು.

“ನನ್ನ ಜೋಡಿ ಬಾರವ್ವಾ,” ಎಂದ. “ಮುಂದಿನ ಆಷಾಢಕ್ಕ ಬಾ. ತಿಳಿನೀಲಿ ಒಂದ ಮಾಡೂಣು. ಇಡೀ ದಿನ ಹಗ್ಗದ ಬುಡಕ ಕುಂದ್ರೂಣು.”

“ಆಷಾಢಕ್ಕ ತವರಿಗೆ ಕಳಸೂದು ಹೊಸ ಸೊಸಿನ್ನ ಅಷ್ಟ ಯಪ್ಪಾ,” ಎಂದಳು. “ನಾ ಈಗ ಹಳಬಿ ಆದೆ. ಮತ್ತ ನಮ್ಮೂರವರು ಇನ್ನ ನನ್ನ ಕೈಗೆ ನೂಲು ಕೊಡಂಗಿಲ್ಲ. ಅವರಿಗೆ ತಿಳಿನೀಲಿ ಆದ್ರೂ ಸಾಕಿತ್ತು.”

ಊಟ ಮಾಡಿ ಹೋಗೆಂದು ಅವಳು ಬಲವಂತ ಮಾಡಿದಳು. ಅವನು ಉಂಡ. ಅವಳು ಬಡಿಸಿದಳು. ಅವಳ ಉಗುರಿನ ಸಂದಿಯಲ್ಲಿ ಇನ್ನೂ ನೀಲಿ ಇತ್ತು. ಕೈಗೆ ಹಿಡಿದದ್ದು ನೂಲಿಗೆ ಹಿಡಿಯಲಿಲ್ಲವಲ್ಲ ಎಂದುಕೊಂಡ.

ದಾರಿಯುದ್ದಕ್ಕೂ ಅವನು ಒಂದನ್ನೇ ಯೋಚಿಸಿದ. ಅದ್ದಿದ ಲಡಿಯನ್ನು ಗಾಳಿಗೆ ಹಾಕದೆ ಮತ್ತೆ ಅದ್ದಬೇಕೆಂದು ಯಾರಾದರೂ ಹೇಳಿದ್ದರೆ ಅವನು ಹೊಡೆಯಲು ಹೋಗುತ್ತಿದ್ದ. ಊರು ಮುಳುಗಿದರೂ ನೂಲಿನ ವಿಷಯದಲ್ಲಿ ಅವಸರ ಮಾಡಿದವನಲ್ಲ. ಹುಡುಗಿಯನ್ನು ಮಾತ್ರ ಒಂದು ತಿಂಗಳು ಹರವಿಯಿಂದ ಮೇಲಕ್ಕೇ ತೆಗೆಯಲಿಲ್ಲ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದ. ನಾನು ಅವತ್ತೇ ಹೇಳಿದ್ದೆ ಎಂದು ಅವಳು ಅನ್ನಲಿಲ್ಲ. ಅವಳು ಕೇಳಿದ್ದು ಒಂದೇ, ಹುಡುಗಿ ಸೊರಗಿದ್ದಾಳೇನು ಎಂದು. ಅವನು ಹೌದೆಂದ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮುಂದಿನ ಆಷಾಢದಲ್ಲೂ ಬಣ್ಣಗಾರ ಪಾಠ ನಿಲ್ಲಿಸಲಿಲ್ಲ. ತಿಳಿನೀಲಿ ಒಂದನ್ನೇ ಕಲಿಸಿದ. ಕಲಿಯುವವರು ಒಮ್ಮೆ ಅದ್ದುತ್ತಿದ್ದರು, ಉಳಿದ ಹೊತ್ತೆಲ್ಲ ಹಗ್ಗದ ಕೆಳಗೆ ಕೂರುತ್ತಿದ್ದರು. ನೋಡಲು ಬಂದ ನೇಕಾರರ ಹಿರಿಯ, ತಿಂಗಳೆಂಬುದು ಇಷ್ಟು ಚಿಕ್ಕದಿರುವಾಗ ಇವರನ್ನು ಖಾಲಿ ಕೂರಿಸಿದ್ದೀಯಲ್ಲ ಎಂದು ಗೊಣಗಿದ. ಬಣ್ಣಗಾರ ಅವನಿಗೂ ಹಗ್ಗದ ಕೆಳಗೆ ಚಾಪೆ ಹಾಸಿದ. ಆ ಕಲಿತವರ ಊರುಗಳಿಗೆ ಕಡುನೀಲಿ ಬರಲಿಲ್ಲ. ಬಂದ ತಿಳಿನೀಲಿ ಹೋಗಲಿಲ್ಲ.

ಆ ಒಂದು ಊರು ಮಾತ್ರ ಬಿಳಿಯಾಗಿಯೇ ಉಳಿಯಿತು. ಆಷಾಢದ ಗಾಳಿ ಎದ್ದಾಗಲೆಲ್ಲ ಬಣ್ಣಗಾರನ ಹೆಂಡತಿ ಬಾಗಿಲಿಗೆ ಬಂದು ದಾರಿ ನೋಡುತ್ತಿದ್ದ ಹಾಗೆ ಅವನಿಗೆ ಕಾಣುತ್ತಿತ್ತು. ಯಾರ ದಾರಿಯೆಂದು ಅವನು ಕೇಳುತ್ತಿರಲಿಲ್ಲ.

*

ಗುರುಗಳು ಕತೆ ನಿಲ್ಲಿಸಿದರು.

“ಹಾಗಾದರೆ ರಜೆಯ ಪಾಠವೇ ಬೇಡವೇ, ಗುರುಗಳೇ?” ಎಂದು ಪಂಪಾಪತಿ ಕೇಳಿದ. “ಆ ಮಕ್ಕಳಿಗೆ ಇನ್ನೊಂದು ದಾರಿಯಿಲ್ಲ. ಅಧ್ಯಾಯ ಬಿಟ್ಟರೆ ಕಡಿಮೆ ಕಲಿಸಿದೆ ಎನ್ನುತ್ತಾರೆ. ಬಿಡದಿದ್ದರೆ ನಿಮ್ಮ ಬಣ್ಣಗಾರನ ಗತಿ. ನಾನೇನು ಮಾಡಲಿ?”

ಗುರುಗಳು ಆಗ ಕೈ ಚಾಚಿ ವೇಳಾಪಟ್ಟಿಯನ್ನು ತೆಗೆದುಕೊಂಡರು. ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಓದಿದರು. ಪಟ್ಟಿಯ ಮನೆಗಳೆಲ್ಲ ತುಂಬಿದ್ದವು. ಎಲ್ಲಿಯೂ ಒಂದು ಮನೆ ಖಾಲಿ ಇರಲಿಲ್ಲ. ಅವರು ಹಾಳೆಯನ್ನು ಮಡಿಚಿ ಅವನ ಕೈಗೆ ಕೊಟ್ಟು ಕೇಳಿದರು.

“ಇದರಲ್ಲಿ ಆ ಮಕ್ಕಳು ಬಸ್ಸಿಗೆ ಕಾಯುತ್ತ ನಿಲ್ಲುವ ಹೊತ್ತು ಯಾವುದು, ಪಂಪಾಪತಿ?”